ಹಿಟ್ಟೋ ಮಣ್ಣೋ, ಬಣ್ಣವೋ ನೀರೋ: ಪುಟ್ಟ ಮಕ್ಕಳಿಗೆ ಮನೆಯಲ್ಲಿ ಯಾವ ಆಟ ಆರಿಸೋಣ?

ನಮ್ಮದು ಕೋಲಾರದಲ್ಲಿ ಮಹಡಿ ಮೇಲಿನ ಬಾಡಿಗೆ ಮನೆ. ಅಂಗಳ ಇಲ್ಲ, ಒಂದು ಚಿಕ್ಕ ಬಾಲ್ಕನಿ ಇದೆ. ಕೊಳಾಯಿ ನೀರು ದಿನಾ ಬರುವುದಿಲ್ಲ. ಬಂದ ದಿನ ಡ್ರಮ್ಮು, ಬಿಂದಿಗೆ ಎಲ್ಲ ತುಂಬಿಟ್ಟುಕೊಳ್ಳಬೇಕು. ಮಗಳಿಗೆ ಈಗ ಆರು ವರ್ಷ, ಮಗನಿಗೆ ಎರಡೂವರೆ. ಇಬ್ಬರೂ ಇದೇ ಮನೆಯಲ್ಲಿ ಕಲಸಿ, ಬಳಿದು, ಚೆಲ್ಲಿ ಬೆಳೆದವರು.

ನೆಂಟರ ಮನೆಯಲ್ಲಿ, ಮದುವೆಯಲ್ಲಿ, ಬಸ್ಸಲ್ಲಿ ಚಿಕ್ಕ ಮಕ್ಕಳ ತಾಯಂದಿರು ಸಿಕ್ಕರೆ ಮಾತು ಇಲ್ಲಿಗೇ ಬರುತ್ತದೆ: ಮನೆಯಲ್ಲಿ ಏನು ಆಡಿಸೋದು? ಆಟಗಳಿಗೇನೂ ಕೊರತೆ ಇಲ್ಲ. ಯಾವುದು ಯಾವ ವಯಸ್ಸಿಗೆ, ಯಾವುದು ಯಾವ ಮನೆಗೆ ಅನ್ನುವುದೇ ಗೊಂದಲ. ಹಾಗಾಗಿ ಒಂದರಿಂದ ಮೂರು ವರ್ಷದ ಮಕ್ಕಳ ಆಟಗಳನ್ನು ಇಲ್ಲಿ ಪಕ್ಕಪಕ್ಕ ಇಟ್ಟು ನೋಡುತ್ತಿದ್ದೇನೆ.

ಆರಿಸುವಾಗ ನಾನು ಮೂರು ವಿಷಯ ಕೇಳಿಕೊಳ್ಳುತ್ತೇನೆ. ಇದು ಬಾಯಿಗೆ ಹೋದರೆ ಏನಾಗುತ್ತದೆ? ಇದರಲ್ಲಿ ಮಗು ತಾನೇ ಮಾಡುವುದು ಎಷ್ಟು, ನಾನು ಮಾಡಿಕೊಡುವುದು ಎಷ್ಟು? ಮುಗಿದ ಮೇಲೆ ತೊಳೆಯಲು ಎಷ್ಟು ನೀರು ಬೇಕು? ಚಿತ್ರ ಚೆನ್ನಾಗಿ ಬಂತಾ, ಗೊಂಬೆ ಗೊಂಬೆ ಥರ ಕಾಣುತ್ತದಾ ಅನ್ನುವುದು ನನ್ನ ಲೆಕ್ಕದಲ್ಲಿ ಇಲ್ಲ. ಎರಡು ವರ್ಷದ ಮಗು ವಸ್ತು ಮಾಡಲು ಕೂರುವುದಿಲ್ಲ. ಒತ್ತಲು, ಹರಿಯಲು, ಸುರಿಯಲು ಕೂರುತ್ತದೆ. ಅದರ ಬೆರಳಿಗೆ ಕೆಲಸ ಸಿಕ್ಕಿದರೆ ಆಟ ಚೆನ್ನಾಗಿ ಆಯಿತು ಅಂತಲೇ ಅರ್ಥ.

ಬಾಯಿಯ ವಿಷಯಕ್ಕೆ ಒಂದು ಅಳತೆ ಹೇಳಿಬಿಡುತ್ತೇನೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳನ್ನು ಪರೀಕ್ಷೆ ಮಾಡುವವರು ಸುಮಾರು 3.2 ಸೆಂ.ಮೀ. ಅಗಲದ ಒಂದು ಕೊಳವೆ ಇಟ್ಟುಕೊಂಡಿರುತ್ತಾರೆ. ಅದರೊಳಗೆ ಪೂರ್ತಿ ಇಳಿದುಹೋಗುವ ವಸ್ತು ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳಬಹುದು. ನಮ್ಮ ಹತ್ತು ರೂಪಾಯಿ ನಾಣ್ಯ 2.7 ಸೆಂ.ಮೀ. ಅಗಲ ಇದೆ. ಆ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ತೂತಿನೊಳಗೆ ತೂರುವ ಯಾವುದನ್ನೂ ಚಿಕ್ಕ ಮಗುವಿನ ಕೈಗೆ ಕೊಟ್ಟು ಎದ್ದು ಹೋಗಬಾರದು.

ಹಿಟ್ಟು, ಮುದ್ದೆ, ಜೇಡಿಮಣ್ಣು, ಅಂಗಡಿ ಕ್ಲೇ

ಒಂದೇ ಒಂದು ಆಟ ಆರಿಸಿ ಅಂದರೆ ನಾನು ಕಲಸುವ ಆಟವನ್ನೇ ಆರಿಸುತ್ತೇನೆ. ಒತ್ತುವುದು, ಹಿಸುಕುವುದು, ಉಂಡೆ ಮಾಡುವುದು, ಎಳೆಯುವುದು, ಎಲ್ಲದರಲ್ಲೂ ಅಂಗೈ, ಬೆರಳು ಎರಡಕ್ಕೂ ಕೆಲಸ. ಮುಂದೆ ಪೆನ್ಸಿಲ್ ಹಿಡಿಯಲು, ಗುಂಡಿ ಹಾಕಿಕೊಳ್ಳಲು ಬೇಕಾಗುವ ಬಲ ಇಲ್ಲಿಂದಲೇ ಬರುತ್ತದೆ. ಆದರೆ ಏನನ್ನು ಕಲಸುವುದು ಅನ್ನುವುದರಲ್ಲಿ ತುಂಬಾ ವ್ಯತ್ಯಾಸ ಇದೆ.

ಒಂದು ವರ್ಷದ ಆಸುಪಾಸಿನ ಮಗು ಎಲ್ಲವನ್ನೂ ಬಾಯಿಗೆ ಹಾಕುತ್ತದೆ. ಅದಕ್ಕೆ ನಮ್ಮ ಅತ್ತೆ ಕಂಡುಕೊಂಡಿದ್ದೇ ಸರಿಯಾದ ದಾರಿ. ಮುದ್ದೆ ಕಟ್ಟುವಾಗ ನಿಂಬೆಹಣ್ಣಿನ ಗಾತ್ರದ ಒಂದು ಉಂಡೆ ತೆಗೆದು, ಆರಿಸಿ, ಒಂದು ಹನಿ ತುಪ್ಪ ಸವರಿ ತಟ್ಟೆಯಲ್ಲಿ ಇಡುತ್ತಿದ್ದರು. ಮಗ ಅದನ್ನು ಒತ್ತುತ್ತಿದ್ದ, ಕಿತ್ತು ಕಿತ್ತು ತಟ್ಟೆಗೆ ಅಂಟಿಸುತ್ತಿದ್ದ, ತಿನ್ನುತ್ತಿದ್ದ. ತಿಂದರೂ ಊಟವೇ. ರಾಗಿ ಹಿಟ್ಟನ್ನು ಹಸಿಯಾಗಿ ತಣ್ಣೀರಲ್ಲಿ ಕಲಸಿ ಕೊಟ್ಟರೆ ಮಾತ್ರ ಆಟ ಕೆಡುತ್ತದೆ. ಗೋಧಿಯಲ್ಲಿರುವ ಅಂಟು ರಾಗಿಯಲ್ಲಿ ಇಲ್ಲ. ಹಾಗಾಗಿ ಬಿರಿಯುತ್ತದೆ, ಪುಡಿಯಾಗುತ್ತದೆ. ಬೆಂದಾಗಲೇ ಅದು ಕೂಡಿಕೊಳ್ಳುವುದು.

ಒಂದೂವರೆ ವರ್ಷ ದಾಟಿದ ಮೇಲೆ ಚಪಾತಿ ಹಿಟ್ಟು. ಇದು ಎಳೆದರೆ ಬರುತ್ತದೆ, ಲಟ್ಟಿಸಿದರೆ ಹರಡುತ್ತದೆ. ಮಣೆ, ಲಟ್ಟಣಿಗೆ ಮನೆಯಲ್ಲೇ ಇವೆ. ಆದರೆ ಇದರ ಆಯಸ್ಸು ಒಂದು ದಿನ. ಬೇಸಿಗೆಯಲ್ಲಿ ಸಂಜೆಗೇ ಹುಳಿ ವಾಸನೆ ಬರುತ್ತದೆ. ಇನ್ನೊಂದು ವಿಷಯ, ಹಸಿ ಹಿಟ್ಟು ತಿಂದರೆ ಹೊಟ್ಟೆ ಕೆಡಬಹುದು. ಹಿಟ್ಟು ನೋಡಲು ಶುದ್ಧವಾಗಿದ್ದರೂ ಬೇಯುವ ತನಕ ಅದರಲ್ಲಿ ರೋಗಾಣು ಇರುವ ಸಾಧ್ಯತೆ ಇದೆ. ಒಂದು ಚೂರು ನೆಕ್ಕಿದರೆ ಗಾಬರಿ ಬೇಡ. ಉಂಡೆ ಉಂಡೆ ನುಂಗುವ ಮಗುವಾದರೆ ಮತ್ತೆ ಮುದ್ದೆಗೇ ಹೋಗಿ.

ಎರಡು ವರ್ಷದ ಹೊತ್ತಿಗೆ ನಾನು ಬೇಯಿಸಿದ ಮೈದಾ ಹಿಟ್ಟಿಗೆ ಬಂದೆ. ಅಳತೆ ಸುಲಭ. ಒಂದು ಲೋಟ ಮೈದಾ, ಅರ್ಧ ಲೋಟ ಪುಡಿ ಉಪ್ಪು, ಒಂದು ಲೋಟ ನೀರು, ಒಂದು ದೊಡ್ಡ ಚಮಚ ಎಣ್ಣೆ, ಅರ್ಧ ನಿಂಬೆಹಣ್ಣಿನ ರಸ. ಗಂಟಿಲ್ಲದಂತೆ ಕಲಸಿ, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ತಿರುವುತ್ತಾ ಇರಿ. ತಳ ಬಿಟ್ಟು ಉಂಡೆಯಾಗಿ ಬಂದಾಗ ಇಳಿಸಿ. ಆರಿದ ಮೇಲೆ ಕೈಗೆ ಎಣ್ಣೆ ಹಚ್ಚಿಕೊಂಡು ನಾದಿ. ನೀರಿನ ಬದಲು ಬೀಟ್‌ರೂಟ್ ಬೇಯಿಸಿದ ನೀರು ಹಾಕಿದರೆ ಗುಲಾಬಿ ಬಣ್ಣ. ಗಾಳಿಯಾಡದ ಡಬ್ಬದಲ್ಲಿ ಇಟ್ಟರೆ ನಮ್ಮ ಮನೆಯಲ್ಲಿ ಎರಡು ಮೂರು ವಾರ ಬರುತ್ತದೆ. ಒಣಗಿದರೆ ನಾಲ್ಕು ಹನಿ ನೀರು ಹಾಕಿ ನಾದಿ. ಬೂಸ್ಟು ಕಂಡರೆ ಮಾತ್ರ ಎಸೆದುಬಿಡಿ.

ಇದರಲ್ಲಿ ಉಪ್ಪು ಜಾಸ್ತಿ ಇದೆ ಅನ್ನುವುದನ್ನು ಮರೆಯಬಾರದು. ಕಹಿಯಾಗುವಷ್ಟು ಉಪ್ಪು ಇರುವುದರಿಂದ ಹೆಚ್ಚಿನ ಮಕ್ಕಳು ಒಮ್ಮೆ ನೆಕ್ಕಿ ಬಿಡುತ್ತಾರೆ. ಉಪ್ಪನ್ನೇ ಇಷ್ಟಪಟ್ಟು ತಿನ್ನುವ ಮಗುವಿಗೆ ಇದು ಬೇಡವೇ ಬೇಡ. ಚಿಕ್ಕ ದೇಹಕ್ಕೆ ಅಷ್ಟು ಉಪ್ಪು ವಿಷವಾಗಬಹುದು. ಹಳೆಯದಾದ ಈ ಹಿಟ್ಟನ್ನು ದನಕ್ಕೂ ನಾಯಿಗೂ ಹಾಕಬೇಡಿ.

ತಿನ್ನುವ ವಸ್ತುವಿನಲ್ಲಿ ಆಟ ಆಡಿಸುವುದು ಅತ್ತೆಗೆ ಮೊದಮೊದಲು ಹಿಡಿಸಲಿಲ್ಲ. ಬರಗಾಲ ಕಂಡ ಸೀಮೆಯವರು ಅವರು, ಅವರ ಮಾತಿನಲ್ಲಿ ನ್ಯಾಯ ಇದೆ. ನಾವು ಒಂದು ಒಪ್ಪಂದಕ್ಕೆ ಬಂದೆವು. ಚಪಾತಿ ಮಾಡುವ ದಿನ ಒಂದೇ ಹಿಡಿ. ಆಡಿ ಮುಗಿದ ಮೇಲೆ ಬೀದಿಯಲ್ಲಿ ಬರುವ ಹಸುವಿಗೆ. ಉಪ್ಪಿನ ಹಿಟ್ಟು ತಿಂಗಳಿಗೆ ಒಂದೇ ಸಲ.

ಇನ್ನು ಜೇಡಿಮಣ್ಣು. ಕೈಗೆ ಸಿಗುವ ಸುಖದಲ್ಲಿ ಇದಕ್ಕೆ ಸಮ ಯಾವುದೂ ಇಲ್ಲ. ತಂಪು, ಭಾರ, ಒತ್ತಿದರೆ ಬೆರಳ ಗುರುತು ಹಾಗೇ ಉಳಿಯುತ್ತದೆ. ಒಣಗಿದ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ಗಣೇಶನ ಹಬ್ಬದ ಹೊತ್ತಿಗೆ ಮೂರ್ತಿ ಮಾಡುವವರ ಹತ್ತಿರ, ಬೇರೆ ದಿನಗಳಲ್ಲಿ ಕುಂಬಾರರ ಹತ್ತಿರ ಹದ ಮಾಡಿದ ಮಣ್ಣು ಕೇಳಿ ತರಬಹುದು. ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ತುಂಬಾ ದಿನ ಮೆತ್ತಗಿರುತ್ತದೆ.

ಎಲ್ಲಿಯ ಮಣ್ಣು ಅನ್ನುವುದರ ಬಗ್ಗೆ ನಾನು ಕಟ್ಟುನಿಟ್ಟು. ಹಿಂದೆ ಕೆರೆ ಒಣಗಿದಾಗ ಮಣ್ಣು ಹೊತ್ತು ತರುತ್ತಿದ್ದರು. ಆದರೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಕೋಲಾರ ಜಿಲ್ಲೆಯ ಹಲವು ಕೆರೆಗಳಿಗೆ ಬರುತ್ತಿದೆ. ಅಂತರ್ಜಲಕ್ಕೆ ಅಂತ ತುಂಬಿಸುವ ನೀರು ಅದು. ಕೈ ಬಾಯಿಗೆ ಹಾಕುವ ಮಗುವಿಗೆ ಆ ಕೆರೆಗಳ ಮಣ್ಣು ನಾನು ಕೊಡುವುದಿಲ್ಲ. ಮನೆ ಕಟ್ಟುವವರು ಬೀದಿಯಲ್ಲಿ ಸುರಿದಿರುವ ರಾಶಿಯೂ ಬೇಡ. ಬೆಕ್ಕು ನಾಯಿಗಳಿಗೆ ಅದೇ ಕಕ್ಕಸು. ಎಂ ಸ್ಯಾಂಡ್ ಆದರಂತೂ ಕಲ್ಲು ಪುಡಿ ಮಾಡಿದ ಧೂಳು, ಮೂಗಿಗೆ ಕಣ್ಣಿಗೆ ಹೋಗುತ್ತದೆ.

ಮಣ್ಣಲ್ಲಿ ಆಡುವ ಮಗುವಿನ ಉಗುರು ಚಿಕ್ಕದಾಗಿರಲಿ, ಆಟ ಆದ ಮೇಲೆ ಸೋಪು ಹಾಕಿ ಕೈ ತೊಳೆಸಿ. ಅಂಗನವಾಡಿಯಲ್ಲಿ ಜಂತುಹುಳು ಮಾತ್ರೆ ಕೊಡುವ ದಿನ ತಪ್ಪಿಸಬೇಡಿ. ಸಾಮಾನ್ಯವಾಗಿ ಫೆಬ್ರವರಿ 10 ಮತ್ತು ಆಗಸ್ಟ್ 10ರ ಸುಮಾರಿಗೆ ಬರುತ್ತದೆ, ಒಂದು ವರ್ಷ ತುಂಬಿದ ಮಕ್ಕಳಿಂದಲೇ ಶುರು. ಮಗು ಆಟಕ್ಕಲ್ಲದೆ ಸುಮ್ನೆ ಮಣ್ಣು, ಬಳಪ, ಗೋಡೆ ಸುಣ್ಣ ಹುಡುಕಿ ಹುಡುಕಿ ತಿನ್ನುತ್ತಿದ್ದರೆ ಅದನ್ನು ಚಟ ಅಂತ ಬೈಯಬೇಡಿ. ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆ ಇದ್ದಾಗ ಹೀಗಾಗುವುದುಂಟು. ಡಾಕ್ಟರ ಹತ್ತಿರ ತೋರಿಸಿ.

ಜೇಡಿಮಣ್ಣು ಮೆತ್ತಿದ ಕೈಯನ್ನು, ಪಾತ್ರೆಯನ್ನು ಸಿಂಕಿನಲ್ಲಿ ತೊಳೆಯಬಾರದು, ಪೈಪು ಕಟ್ಟಿಕೊಳ್ಳುತ್ತದೆ. ಮೊದಲು ಒಂದು ಬೋಗುಣಿಯಲ್ಲಿ ಕೈ ಅದ್ದಿಸಿ ಆ ನೀರನ್ನು ಗಿಡಕ್ಕೆ ಹಾಕಿ. ನೆಲದ ಮೇಲೆ ಬಿದ್ದಿದ್ದನ್ನು ಒರೆಸುವ ಬದಲು ಒಣಗಲು ಬಿಟ್ಟು ಗುಡಿಸಿ. ಇದೊಂದು ತಿಳಿದರೆ ನೀರು ಕಡಿಮೆ ಇರುವ ಮನೆಗೂ ಜೇಡಿಮಣ್ಣು ಹೊಂದುತ್ತದೆ.

ಅಂಗಡಿಯ ಬಣ್ಣದ ಕ್ಲೇ ಎಲ್ಲಕ್ಕಿಂತ ಕೊನೆಗೆ. ಬಣ್ಣ ಚೆಂದ, ಕೈಗೆ ಅಂಟುವುದಿಲ್ಲ, ಪ್ರಯಾಣಕ್ಕೆ ಅನುಕೂಲ. ಆದರೆ ಒಂದು ಡಬ್ಬ ಮಗುವಿನ ಎರಡೂ ಅಂಗೈ ತುಂಬುವುದಿಲ್ಲ. ಚಿಕ್ಕ ಚೂರಿನಲ್ಲಿ ಆಡುವುದು ದೊಡ್ಡ ಮಕ್ಕಳ ಕೆಲಸ. ಪುಟ್ಟ ಮಗುವಿಗೆ ತೆಂಗಿನಕಾಯಿ ಗಾತ್ರದ ಮುದ್ದೆ ಬೇಕು, ಎರಡೂ ಕೈ ಹೂತುಹೋಗುವಂಥದ್ದು.

ಬಣ್ಣ: ಕ್ರೆಯಾನ್, ಬೆರಳ ಬಣ್ಣ, ಬರೀ ನೀರು

ಹದಿನೈದು ಹದಿನೆಂಟು ತಿಂಗಳಿಗೆ ಮಕ್ಕಳು ಗೀಚಲು ಶುರು ಮಾಡುತ್ತಾರೆ. ಮುಷ್ಟಿಯಲ್ಲಿ ಹಿಡಿದು, ಇಡೀ ತೋಳು ಆಡಿಸಿ ಗೀಚುತ್ತಾರೆ. ಎರಡು ವರ್ಷದ ಸುಮಾರಿಗೆ ನಿಂತ ಗೆರೆ, ಮೂರರ ಹೊತ್ತಿಗೆ ನೋಡಿಕೊಂಡು ಸುತ್ತು ಬರೆಯುವುದು ಬರುತ್ತದೆ. ಒಂದೆರಡು ತಿಂಗಳು ಹಿಂದೆ ಮುಂದೆ ಆಗಬಹುದು. ಗೆರೆಯೊಳಗೆ ಬಣ್ಣ ತುಂಬುವ ಪುಸ್ತಕ ಈ ವಯಸ್ಸಿಗಲ್ಲ. ತೋಳು ಆಡಲು ಜಾಗ ಬೇಕು. ಹಳೆ ಕ್ಯಾಲೆಂಡರಿನ ಹಿಂಬದಿ, ಬಟ್ಟೆ ಅಂಗಡಿಯ ರಟ್ಟು, ಎರಡು ದಿನಪತ್ರಿಕೆ ಅಂಟಿಸಿದ ಹಾಳೆ, ಇವು ಸಾಕು.

ಕ್ರೆಯಾನ್ ಆದರೆ ಹೆಬ್ಬೆರಳ ದಪ್ಪದ್ದು ತನ್ನಿ. ತೆಳ್ಳಗಿನದು ಮುರಿಯುತ್ತದೆ, ಮುರಿದ ತುಂಡು ಬಾಯಿಗೆ ಹೋಗುತ್ತದೆ. ಬಳಪವನ್ನೂ ನಾನು ಇದೇ ಕಾರಣಕ್ಕೆ ಮೂರರ ತನಕ ಕೊಡಲಿಲ್ಲ. ಸ್ಕೆಚ್ ಪೆನ್ನಿನ ಮುಚ್ಚಳ ಗಂಟಲಿಗೆ ಸಿಗುವಂಥ ಗಾತ್ರದ್ದು, ಅದೂ ಬೇಡ.

ಬೆರಳ ಬಣ್ಣ ಮನೆಯಲ್ಲೇ ಮಾಡಬಹುದು. ಎರಡು ಚಮಚ ಅಕ್ಕಿ ಹಿಟ್ಟು ಅಥವಾ ಕಾರ್ನ್‌ಫ್ಲೋರ್, ಒಂದು ಲೋಟ ನೀರು, ಗಂಜಿ ಕಾಯಿಸಿದ ಹಾಗೆ ಕಾಯಿಸಿ ಆರಿಸಿ. ಮೂರು ಬಟ್ಟಲಿಗೆ ಹಂಚಿ ಬೀಟ್‌ರೂಟ್ ರಸ, ಪಾಲಕ್ ರಸ, ಅರಿಶಿನ ಸೇರಿಸಿ. ಫ್ರಿಜ್ಜಿನಲ್ಲಿ ಇಟ್ಟರೂ ಎರಡು ಮೂರು ದಿನ ಅಷ್ಟೇ. ಅಂಗಡಿ ಬಣ್ಣದಷ್ಟು ಗಾಢವಾಗಿ ಬರುವುದಿಲ್ಲ, ಆದರೆ ಮಗು ಬೆರಳು ಚೀಪಿದರೆ ನೆಮ್ಮದಿಯಾಗಿ ಇರಬಹುದು. ಅರಿಶಿನದ ಕಲೆಗೆ ಸೋಪು ಹಾಕಿದಾಗ ಕೆಂಪಾಗುತ್ತದೆ. ಹೆದರಬೇಡಿ, ಸೋಪಿನ ಕ್ಷಾರಕ್ಕೆ ಹಾಗಾಗುವುದು. ಒಗೆದು ಬಿಸಿಲಿಗೆ ಹಾಕಿ, ಬಿಸಿಲೇ ಅದನ್ನು ಮಾಸಿಸುತ್ತದೆ. ನಮ್ಮ ಕಡೆ ಬಿಸಿಲಿಗೇನು ಕೊರತೆ. ಇನ್ನು ಅರಿಶಿನಕ್ಕೆ ಸುಣ್ಣ ಹಾಕಿ ಕೆಂಪು ಮಾಡುವುದನ್ನು ಮಕ್ಕಳ ಮುಂದೆ ಮಾಡಲೇಬೇಡಿ. ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು.

ರಂಗೋಲಿ ಪುಡಿ ಕೇಳುವ ಮಕ್ಕಳು ಬಹಳ. ಬೆಳಿಗ್ಗೆ ನಾವು ಬಾಗಿಲಿಗೆ ರಂಗೋಲಿ ಇಡುವಾಗ ಪಕ್ಕದಲ್ಲೇ ಕೂತು ಕೈ ಹಾಕುತ್ತಾರೆ. ಅದು ಕಲ್ಲಿನ ನುಣ್ಣನೆ ಪುಡಿ, ಮೇಲೆ ಬಣ್ಣ ಬೇರೆ. ಅದರ ಬದಲು ಒಂದು ಬಟ್ಟಲಲ್ಲಿ ಅಕ್ಕಿ ಹಿಟ್ಟು ಕೊಡಿ. ಒದ್ದೆ ನೆಲದ ಮೇಲೆ ಉದುರಿಸಲಿ. ಹಿಂದಿನವರು ಇಡುತ್ತಿದ್ದುದೂ ಅಕ್ಕಿ ಹಿಟ್ಟನ್ನೇ, ಇರುವೆಗೂ ಆಗುತ್ತದೆ ಅಂತ.

ನನ್ನ ಮೆಚ್ಚಿನದು ಮಾತ್ರ ಬರೀ ನೀರು. ಅರ್ಧ ಚೊಂಬು ನೀರು, ಸುಣ್ಣ ಬಳಿಯುವಂಥ ಅಗಲದ ಹೊಸ ಬ್ರಷ್ ಒಂದು. ಬಾಲ್ಕನಿಯ ಸಿಮೆಂಟು ಗೋಡೆಗೆ ಮಗ ಬಳಿಯುತ್ತಾನೆ. ಬಳಿದ ಜಾಗ ಕಪ್ಪಾಗುತ್ತದೆ. ಈ ತುದಿಗೆ ಬರುವಷ್ಟರಲ್ಲಿ ಆ ತುದಿ ಒಣಗಿರುತ್ತದೆ. ಅವನು ಓಡಿಹೋಗಿ ಅಲ್ಲಿ ಬಳಿಯುತ್ತಾನೆ. ಮಾರ್ಚ್ ತಿಂಗಳಲ್ಲಿ ಸಂಜೆ ಐದರ ಮೇಲೆ ಅವನು ನಲವತ್ತು ನಿಮಿಷ ಹೀಗೆ ಬಳಿದದ್ದಿದೆ. ಬಾಡಿಗೆ ಮನೆಯವರಿಗೆ ಇದಕ್ಕಿಂತ ಒಳ್ಳೆ ಬಣ್ಣ ಇಲ್ಲ. ಕಲೆ ಇಲ್ಲ, ವಿಷ ಇಲ್ಲ, ಖರ್ಚು ಇಲ್ಲ, ಅರ್ಧ ಚೊಂಬು ನೀರು ಅಷ್ಟೇ. ಬಾಲ್ಕನಿಯ ಅಡ್ಡಗೋಡೆ ಎತ್ತರ ಇದೆಯಾ, ಹತ್ತಲು ಸ್ಟೂಲು ಏನಾದರೂ ಇದೆಯಾ, ಅದನ್ನು ನೋಡಿಕೊಂಡು ಬಿಡಿ.

ಸುರಿಯುವ ಆಟ: ನೀರಾ, ಕಾಳಾ?

ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುವುದು ಈ ವಯಸ್ಸಿನ ದೊಡ್ಡ ಸಂತೋಷ. ನೀರು ಸಾಕಷ್ಟು ಇರುವ ಮನೆಗೆ ನೀರಾಟವೇ ಸರಿ. ನಮ್ಮಂಥ ಊರಿನಲ್ಲಿ ಟಬ್ ತುಂಬಿಸಿ ಆಡಿಸಲು ಮನಸ್ಸು ಬರುವುದಿಲ್ಲ. ನಾನು ಸೊಪ್ಪು ತರಕಾರಿಯ ಕೊನೇ ಸಲದ ತೊಳೆದ ನೀರನ್ನು ಇಟ್ಟುಕೊಳ್ಳುತ್ತೇನೆ. ಜರಡಿ, ಸೌಟು, ಚಿಕ್ಕ ಲೋಟ ಕೊಡುತ್ತೇನೆ. ಮುಗಿದ ಮೇಲೆ ತುಳಸಿ ಕುಂಡಕ್ಕೆ.

ನೀರು ಎಷ್ಟು ಕಡಿಮೆ ಇದ್ದರೂ ಮಗುವನ್ನು ಬಿಟ್ಟು ಏಳಬೇಡಿ. ಬಕೆಟ್ಟಿನಲ್ಲಿ ನಾಲ್ಕು ಬೆರಳು ನೀರಿದ್ದರೂ ತಲೆಕೆಳಗಾಗಿ ಬಿದ್ದ ಮಗುವಿಗೆ ಏಳಲು ಆಗುವುದಿಲ್ಲ, ಕೂಗಲೂ ಆಗುವುದಿಲ್ಲ. ನೀರು ತುಂಬಿಡುವ ಊರುಗಳಲ್ಲಿ ಇದು ಇನ್ನೂ ದೊಡ್ಡ ವಿಷಯ. ಸಂಪಿನ ಮುಚ್ಚಳಕ್ಕೆ ಬೀಗ, ಡ್ರಮ್ಮಿಗೆ ಮುಚ್ಚಳ, ಬಚ್ಚಲ ಬಾಗಿಲಿಗೆ ಮೇಲಿನ ಚಿಲಕ. ಆಟ ಮುಗಿದ ಕೂಡಲೇ ಟಬ್ ಬಗ್ಗಿಸಿಬಿಡಿ.

ಕಾಳಿನ ಆಟ ನೀರಿಲ್ಲದ ಮನೆಗೆ ಅನುಕೂಲ ಅನ್ನಿಸುತ್ತದೆ. ನಾನೂ ಹಾಗೇ ಅಂದುಕೊಂಡಿದ್ದೆ. ಮಗಳಿಗೆ ಎರಡು ವರ್ಷ ಇದ್ದಾಗ ಮೊರದಲ್ಲಿ ಕಡಲೆಕಾಳು ಹಾಕಿ ಕೊಟ್ಟು, ಒಲೆ ಆರಿಸಲು ಎದ್ದು ಹೋದೆ. ಬಂದಾಗ ಅವಳು ಮೂಗು ಉಜ್ಜಿಕೊಳ್ಳುತ್ತಿದ್ದಳು. ಒಂದು ಕಾಳು ಮೂಗಿನೊಳಗೆ. ಪಿನ್ನು ಹಾಕಿ ತೆಗೆಯೋಣ ಅಂದರು ಒಬ್ಬರು, ನೀರು ಬಿಡಿ ಅಂದರು ಇನ್ನೊಬ್ಬರು. ಎರಡೂ ತಪ್ಪು. ಚುಚ್ಚಿದರೆ ಒಳಕ್ಕೆ ಹೋಗುತ್ತದೆ, ನೀರು ಬಿಟ್ಟರೆ ಕಾಳು ಉಬ್ಬಿ ಬಿಗಿಯುತ್ತದೆ. ಆಟೋ ಹತ್ತಿ ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಹೋದೆವು, ಅವರು ಎರಡು ನಿಮಿಷದಲ್ಲಿ ತೆಗೆದರು. ಆ ಎರಡು ನಿಮಿಷ ನನಗೆ ಇವತ್ತಿಗೂ ಮರೆತಿಲ್ಲ. ಅಂದಿನಿಂದ ಮೂರು ವರ್ಷದೊಳಗೆ ನಮ್ಮ ಮನೆಯಲ್ಲಿ ಕಡಲೆ, ಅಲಸಂದೆ, ಹುಣಸೆ ಬೀಜ, ಕಡಲೇಬೀಜ ಯಾವುದೂ ಆಟದ ಸಾಮಾನಲ್ಲ. ರಾಗಿ ಅಷ್ಟು ಚಿಕ್ಕದಲ್ವಾ ಅಂತ ಕೇಳುತ್ತಾರೆ. ರಾಗಿಯೂ ಕಿವಿಗೆ ಮೂಗಿಗೆ ಹೋಗುತ್ತದೆ. ಎರಡೂವರೆ ಆದ ಮೇಲೆ, ಎದುರಿಗೇ ಕೂತು, ಪರಾತದಲ್ಲಿ ಎರಡು ಹಿಡಿ. ಅದಕ್ಕಿಂತ ಮುಂಚೆ ಬೇಡ.

ಇದಕ್ಕಿಂತ ಕಟುವಾಗಿ ಹೇಳಬೇಕಾದ ಮಾತೊಂದಿದೆ. ಕೆಂಪು ಕಪ್ಪು ಗುಲಗಂಜಿ ಎಷ್ಟೇ ಮುದ್ದಾಗಿದ್ದರೂ ಮನೆಯೊಳಗೆ ಬರಕೂಡದು. ಹರಳು ಬೀಜವೂ ಅಷ್ಟೆ. ಎರಡೂ ಕಡುವಿಷ, ಅಗಿದರೆ ಪ್ರಾಣಕ್ಕೆ ಅಪಾಯ. ಕಣಗಿಲೆಯ ಹೂವು, ಎಲೆ, ಉಮ್ಮತ್ತಿಯ ಕಾಯಿ ಕೂಡ ಹಾಗೇ. ಎಲೆ ಹೂವು ಆಯಲು ಕರೆದುಕೊಂಡು ಹೋದಾಗ ಹೊಂಗೆ, ಮಾವು, ಬೇವು, ದಾಸವಾಳ ಸಾಕು. ಕಾಂಗ್ರೆಸ್ ಗಿಡ ಮುಟ್ಟಿದರೆ ಕೆಲವು ಮಕ್ಕಳಿಗೆ ಮೈ ತುರಿಕೆ ಬರುತ್ತದೆ, ಅದನ್ನು ಬಿಟ್ಟು ನಡೆಯಿರಿ.

ಅವರೆಕಾಯಿಯ ದಿನಗಳು

ಆಟಿಕೆಗಳ ಜೊತೆ ಮನೆಗೆಲಸವನ್ನೂ ತಕ್ಕಡಿಗೆ ಹಾಕಿ ನೋಡಿ. ಬಹಳ ಸಲ ಮನೆಗೆಲಸವೇ ಗೆಲ್ಲುತ್ತದೆ. ಡಿಸೆಂಬರ್ ಜನವರಿಯಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಯಾವ ಮನೆಗೆ ಹೋದರೂ ಅವರೆಕಾಯಿ ರಾಶಿ. ಸೊಗಡಿನ ವಾಸನೆ ಇಡೀ ಹಾಲ್ ತುಂಬಿರುತ್ತದೆ. ಹಳೆ ಸೀರೆ ಹಾಸಿಕೊಂಡು ಎಲ್ಲರೂ ಬಿಡಿಸುತ್ತಾ ಕೂರುತ್ತಾರೆ. ಮಗು ಅಲ್ಲೇ ಬರುತ್ತದೆ. ಓಡಿಸಬೇಡಿ. ಅದಕ್ಕೂ ಒಂದು ಕೆಲಸ ಕೊಡಿ.

ಒಂದೂವರೆ ವರ್ಷದ ಮಗು ಕಾಯಿಗಳನ್ನು ರಾಶಿಯಿಂದ ಎತ್ತಿ ಅಜ್ಜಿಯ ಮಡಿಲಿಗೆ ಹಾಕುತ್ತದೆ. ಎರಡು ವರ್ಷದ್ದು ಬಿಡಿಸಿದ ಸಿಪ್ಪೆಯನ್ನು ಬುಟ್ಟಿಗೆ ತುಂಬುತ್ತದೆ, ಸಿಪ್ಪೆ ಸಾಲಾಗಿ ಇಟ್ಟು ರೈಲು ಮಾಡುತ್ತದೆ. ಕಾಳಿನ ಪಾತ್ರೆ ನಮ್ಮ ಬೆನ್ನ ಹಿಂದೆ ಇರಲಿ, ಸಿಪ್ಪೆ ಮಗುವಿನ ಮುಂದೆ. ಮೂರು ದಾಟಿದ ಮಗಳಿಗೆ ಹಿತಕಿದ ಅವರೆ ಮಾಡುವ ದಿನ ಹಬ್ಬ. ನೆನೆಸಿದ ಕಾಳನ್ನು ಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ. ಎಷ್ಟು ಬಲ ಹಾಕಬೇಕು, ಯಾವ ಕಡೆಗೆ ತಿರುಗಿಸಬೇಕು, ಎಲ್ಲ ಬೆರಳಿಗೇ ಗೊತ್ತಾಗಬೇಕು. ಇಂಥ ಕೆಲಸವನ್ನು ಯಾವ ಕ್ರಾಫ್ಟ್ ಪೆಟ್ಟಿಗೆಯೂ ಕೊಡುವುದಿಲ್ಲ. ಮಗು ಹಿತಕಿದ ಕಾಳು ರಾತ್ರಿ ಸಾರಿನಲ್ಲಿ ಬರುತ್ತದೆ, ಅದಕ್ಕೂ ಗೊತ್ತಿರುತ್ತದೆ.

ಅವರೆ ಕಾಲ ಮುಗಿದರೆ ಕೊತ್ತಂಬರಿ ಸೊಪ್ಪು ಬಿಡಿಸುವುದು, ಒಣಗಿದ ಬಟ್ಟೆ ಜೋಡಿ ಮಾಡುವುದು, ಬೇಯಿಸಿದ ಆಲೂಗಡ್ಡೆ ಹಿಸುಕುವುದು.

ಕಟ್ಟುವ ಆಟ

ಹದಿನೆಂಟು ತಿಂಗಳಲ್ಲಿ ಮೂರು ನಾಲ್ಕು, ಎರಡು ವರ್ಷಕ್ಕೆ ಆರೇಳು ತುಂಡು ಒಂದರ ಮೇಲೊಂದು ಇಡುತ್ತಾರೆ. ಅಡಿಗೆಮನೆಯ ಸ್ಟೀಲ್ ಡಬ್ಬಗಳು ಒಂದರೊಳಗೊಂದು ಹೋಗುತ್ತವೆ, ಜೋರು ಸದ್ದು ಬರುತ್ತದೆ. ಕಿರಾಣಿ ಅಂಗಡಿಯ ರಟ್ಟಿನ ಪೆಟ್ಟಿಗೆ ಸದ್ದಿಲ್ಲದೆ ದೊಡ್ಡ ಗೋಪುರವಾಗುತ್ತದೆ, ಪಿನ್ನು ಕಿತ್ತು ಕೊಡಿ. ಎಪಿಎಂಸಿಗೆ ಟೊಮೇಟೊ ಹೋಗುತ್ತದಲ್ಲ, ಹದಿನೈದು ಕೆಜಿ ಹಿಡಿಯುವ ಪ್ಲಾಸ್ಟಿಕ್ ಕ್ರೇಟು, ಅದೊಂದು ಸಿಕ್ಕರೆ ವರ್ಷಗಟ್ಟಲೆ ಬರುತ್ತದೆ. ಕೂರಲು, ತಳ್ಳಲು, ಬೋರಲು ಹಾಕಿ ಮೇಜು ಮಾಡಲು. ಔಷಧಿ ಹೊಡೆದ ಹಣ್ಣು ತುಂಬಿದ್ದಿರಬಹುದು, ಸೋಪು ನೀರಲ್ಲಿ ಉಜ್ಜಿ ತೊಳೆದು ಕೊಡಿ.

ದುಡ್ಡು ಕೊಟ್ಟು ಒಂದೇ ಆಟಿಕೆ ತರುವುದಾದರೆ ಮರದ ತುಂಡುಗಳನ್ನೇ ತನ್ನಿ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಜಾತ್ರೆಯಲ್ಲಿ, ಫುಟ್‌ಪಾತಿನಲ್ಲಿ ಗುರುತಿಲ್ಲದ್ದು ಈಗಲೂ ಸಿಗುತ್ತದೆ, ಚಿಕ್ಕ ಮಕ್ಕಳಿಗೆ ಅದು ಬೇಡ. ಚನ್ನಪಟ್ಟಣದ ಗೊಂಬೆಗೆ ಆ ಗುರುತು ಇಲ್ಲ ಅಂತ ಹಿಂಜರಿಯಬೇಡಿ. ಭೌಗೋಳಿಕ ಗುರುತು (ಇಂಥ ಊರಿನದೇ ಸಾಮಾನು ಅಂತ ಸರ್ಕಾರ ಕೊಡುವ ಮಾನ್ಯತೆ) ಪಡೆದ ಕರಕುಶಲ ವಸ್ತುಗಳಿಗೆ ಆ ನಿಯಮದಿಂದ ವಿನಾಯಿತಿ ಇದೆ. ಅಸಲಿ ಚನ್ನಪಟ್ಟಣದ್ದು ಆಲೆಮರದಲ್ಲಿ ಕಡೆದು ಅರಗಿನ ಬಣ್ಣ ಕೊಟ್ಟಿದ್ದು. ಗುಂಡಿಯಂಥ ಬ್ಯಾಟರಿ ಇರುವ, ಮ್ಯಾಗ್ನೆಟ್ ಇರುವ ಆಟಿಕೆಗಳನ್ನು ಮಾತ್ರ ದೂರ ಇಡಿ. ಗುಂಡಿ ಬ್ಯಾಟರಿ ನುಂಗಿದ ಅನುಮಾನ ಬಂದರೂ ಒಂದು ಗಳಿಗೆ ಕಾಯದೆ ದೊಡ್ಡ ಆಸ್ಪತ್ರೆಗೆ ಓಡಿ, ಗಂಟೆಗಳಲ್ಲಿ ಅನ್ನನಾಳ ಸುಡುತ್ತದೆ.

ಕತ್ತರಿ, ಅಂಟು ಮತ್ತು ರೇಷ್ಮೆ ಗೂಡು

ಕ್ರಾಫ್ಟ್ ಅಂದ ಕೂಡಲೇ ಎಲ್ಲರ ಕಣ್ಣ ಮುಂದೆ ಬರುವುದು ಕತ್ತರಿಸಿ ಅಂಟಿಸುವುದು. ನನ್ನ ಲೆಕ್ಕದಲ್ಲಿ ಇದಕ್ಕೆ ಕೊನೇ ಜಾಗ. ಎರಡು ವರ್ಷದ ಮಗುವಿನ ಹೆಸರಲ್ಲಿ ಅಮ್ಮ ಮಾಡುವ ಕೆಲಸ ಅದು. ಮಗಳಿಗೆ ಎರಡಾಗಿದ್ದಾಗ ನಾನು ಕಾಗದದ ನವಿಲು ಮಾಡಿಸಲು ಕೂತೆ. ಗೆರೆ ಎಳೆದದ್ದು ನಾನು, ಕತ್ತರಿಸಿದ್ದು ನಾನು, ಅಂಟು ಹಚ್ಚಿದ್ದೂ ನಾನು. ಅವಳ ಪಾಲಿಗೆ ಬಂದಿದ್ದು ಒಂದು ಗರಿಯನ್ನು ಒತ್ತುವುದು. ಅದನ್ನೂ ಅವಳು ತಲೆಕೆಳಗಾಗಿ ಇಟ್ಟಾಗ ನಾನು ಸರಿ ಮಾಡಿದೆ. ಆಗ ಅವಳು ಎದ್ದು ಹೋದಳು.

ಈಗ ಮಗನಿಗೆ ದಿನಪತ್ರಿಕೆ ಹರಿಯಲು ಕೊಡುತ್ತೇನೆ. ಪರಪರ ಹರಿಯುವ ಸದ್ದೇ ಅವನಿಗೆ ಆಟ. ಮೈದಾ ಗಂಜಿಯ ಅಂಟನ್ನು ಬಟ್ಟಲಲ್ಲಿ ಇಟ್ಟರೆ ರಟ್ಟಿಗೆ ತಾನೇ ಬಳಿದು ಚೂರುಗಳನ್ನು ಮೆತ್ತುತ್ತಾನೆ. ಏನು ಮಾಡಿದೆ ಅಂತ ಕೇಳುವುದಿಲ್ಲ. ತುದಿ ಮೊಂಡಾದ ಚಿಕ್ಕ ಕತ್ತರಿ ಮೂರರ ಹೊತ್ತಿಗೆ, ಹಿಟ್ಟಿನ ಹಾವು ಮಾಡಿ ಅದನ್ನು ಕತ್ತರಿಸಲು ಕೊಟ್ಟು ಶುರು ಮಾಡಿ. ಕಾಗದಕ್ಕಿಂತ ಹಿಟ್ಟು ಸುಲಭ. ಮಿಂಚಿನ ಪುಡಿ, ಥರ್ಮೋಕೋಲ್ ಕಾಳು, ಮಣಿ ಬೇಡ.

ನನ್ನ ತವರು ಶಿಡ್ಲಘಟ್ಟದ ಕಡೆ. ರೇಷ್ಮೆಹುಳ ಗೂಡು ಕಟ್ಟುವ ಬಿದಿರಿನ ತಟ್ಟೆಗೆ ಚಂದ್ರಿಕೆ ಅನ್ನುತ್ತಾರೆ. ಅದರಿಂದ ಗೂಡು ಬಿಡಿಸುವಾಗ ಮಾರಲು ಬಾರದವು ಒಂದಷ್ಟು ಉಳಿಯುತ್ತವೆ. ಹುಳ ತೆಗೆದು, ಕತ್ತರಿಸಿ, ಒಣಗಿಸಿದ ಖಾಲಿ ಗೂಡು ಹೂವಿನ ದಳದ ಹಾಗೆ ಇರುತ್ತದೆ. ಬೀಟ್‌ರೂಟ್ ರಸದಲ್ಲಿ ಅದ್ದಿ ಒಣಗಿಸಿದರೆ ಅಂಟಿಸಲು ಎಷ್ಟು ಚೆಂದ! ಆದರೆ ಒಂದು ಗೂಡು ಆ ಪರೀಕ್ಷೆಯ ಕೊಳವೆಗೆ ಸಲೀಸಾಗಿ ಇಳಿಯುತ್ತದೆ. ಹಾಗಾಗಿ ಇದು ಆರು ವರ್ಷದ ಅಕ್ಕನಿಗೆ. ತಮ್ಮ ಮಲಗಿದ ಮೇಲೆ.

ತುಮಕೂರು, ತಿಪಟೂರು ಕಡೆ ನೆಂಟರಿದ್ದರೆ ತೆಂಗು ಅಡಿಕೆಯ ಆಟಗಳು ಸಿಗುತ್ತವೆ. ಗರಿಯ ಹಾವು, ಗರಿಯ ಗಾಳಿಚಕ್ರ ದೊಡ್ಡವರು ಮಾಡಿಕೊಡುವಂಥವು, ಮಗು ಆಡುವುದಷ್ಟೇ. ಕಡ್ಡಿ ಕಣ್ಣಿಗೆ ಚುಚ್ಚದಂತೆ ತೆಗೆದಿರಬೇಕು. ಅಂಚನ್ನು ಕಲ್ಲಿಗೆ ಉಜ್ಜಿ ನುಣುಪು ಮಾಡಿದ ತೆಂಗಿನ ಚಿಪ್ಪು ಎರಡು ಇದ್ದರೆ ಬಡಿಯಲು, ಮಣ್ಣು ತುಂಬಲು ಆಗುತ್ತದೆ, ಮಗು ತಾನೇ ಆಡಬಹುದು. ಅಡಿಕೆ ಹಾಳೆಯ ಮೇಲೆ ಕೂರಿಸಿ ಎಳೆಯುವುದಂತೂ ಯಾವ ವಯಸ್ಸಿಗೂ ಸರಿ.

ಮೊಬೈಲಿನಲ್ಲಿ ಕ್ರಾಫ್ಟ್ ವಿಡಿಯೊ ತೋರಿಸುವುದನ್ನು ಈ ಪಟ್ಟಿಗೆ ಸೇರಿಸುವುದಿಲ್ಲ. ಎರಡು ವರ್ಷ ತುಂಬುವ ತನಕ ಸ್ಕ್ರೀನ್ ಬೇಡ, ಆಮೇಲೂ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ವಿಡಿಯೊ ನೀವು ನೋಡಿ, ಮಗುವಿಗೆ ಹಿಟ್ಟು ಕೊಡಿ.

ನಿ‌ಮ್ಮ ಮನೆಗೆ ಯಾವುದು?

ಕೆಲಸಕ್ಕೆ ಹೋಗಿ ಸಂಜೆ ಬರುವವರಾದರೆ ಅಡಿಗೆಯ ಪಕ್ಕದಲ್ಲೇ ಆಗುವ ಆಟ ಆರಿಸಿ. ಮುದ್ದೆಯ ಉಂಡೆ, ಚಪಾತಿ ಹಿಟ್ಟು, ಸೊಪ್ಪು ಬಿಡಿಸುವುದು. ಒಲೆಯಿಂದ ಕೈಗೆಟುಕದಷ್ಟು ದೂರ ಚಾಪೆ ಹಾಕಿ. ಅಜ್ಜಿ ತಾತ ನೋಡಿಕೊಳ್ಳುವ ಮನೆಯಾದರೆ ಬಗ್ಗಿ ಎದ್ದು ಒರೆಸುವ ಆಟ ಅವರ ಮೇಲೆ ಹೊರಿಸಬೇಡಿ. ಡಬ್ಬ, ಮರದ ತುಂಡು, ಪೇಪರ್ ಹರಿಯುವುದು ಅವರಿಗೆ ಸುಲಭ. ಜೇಡಿಮಣ್ಣು, ಬೆರಳ ಬಣ್ಣ ಭಾನುವಾರಕ್ಕೆ ಇರಲಿ, ಸ್ನಾನಕ್ಕೆ ಮುಂಚೆ, ಹಳೆ ಚಡ್ಡಿಯಲ್ಲಿ.

ಒಂದು ದಿನಕ್ಕೆ ಒಂದೇ ಆಟ ತೆಗೆಯಿರಿ. ಐದು ನಿಮಿಷಕ್ಕೆ ಮಗು ಎದ್ದು ಹೋದರೆ ಎಳೆದು ಕೂರಿಸಬೇಡಿ, ಆ ವಯಸ್ಸಿಗೆ ಐದು ನಿಮಿಷವೇ ಬಹಳ. ಮುಚ್ಚಿಟ್ಟು ನಾಳೆ ಅದನ್ನೇ ಮತ್ತೆ ತೆಗೆಯಿರಿ. ನಮ್ಮ ಮನೆಯಲ್ಲಿ ಮೊದಲ ದಿನ ಮುಟ್ಟದ ಜೇಡಿಮಣ್ಣನ್ನು ಮಗ ನಾಲ್ಕನೇ ದಿನ ಮುಟ್ಟಿದ. ಮೊದಲು ಒಂದು ಬೆರಳು, ಆಮೇಲೆ ಮೊಣಕೈ ತನಕ.